ಮೆಟ್ಟಿಲ ಕೆಳಗಿನ ಸಂಸ್ಕಾರ

ವಿಲಿಯಂ ಫ್ರೀಡ್ಕಿನ್ ನಿರ್ದೇಶನದ ‘ದಿ ಎಕ್ಸಾರ್ಸಿಸ್ಟ್’ (1973) ಎಂದೊಡನೆ ಪ್ರೇಕ್ಷಕರಿಗೆ ನೆನಪಾಗುವುದು ಬಾಲಕಿಯ ತಿರುಗುವ ತಲೆ. ನಮ್ಮನ್ನು ಹಿಡಿದು ನಿಲ್ಲಿಸುವುದು ಕೊನೆಯ ಕಲ್ಲುಮೆಟ್ಟಿಲುಗಳು. ಭೂತೋಚ್ಚಾಟನೆಯ ವಿಧಿ ಮುಗಿಯುವ ಮೊದಲೇ ಹಿರಿಯ ಯಾಜಕ ಮೆರಿನ್ ಸಾಯುತ್ತಾರೆ. ವಿಶ್ವಾಸ ಕುಂದಿದ್ದ ಯೇಸುಸಭೆಯ ಕರಾಸ್, ಬಾಲಕಿಯನ್ನು ಉಳಿಸಲೆಂದು ದೆವ್ವವನ್ನು ತನ್ನೊಳಗೆ ಕರೆದು ಕಿಟಕಿಯಿಂದ ಧುಮುಕುತ್ತಾರೆ. ಆತ್ಮಹತ್ಯೆಯೋ, ಆತ್ಮಾರ್ಪಣೆಯೋ? ಚಿತ್ರ ತೀರ್ಪು ನೀಡದು. ನೈತಿಕ ದೈವಶಾಸ್ತ್ರದ ತರಗತಿಯೂ ಆತುರಪಡಬೇಕಿಲ್ಲ. ಕೆಳಗೆ ಗೆಳೆಯ ಡೈಯರ್ ಪಾಪನಿವೇದನೆಗೆ ಆಹ್ವಾನಿಸುತ್ತಾರೆ. ಮಾತು ನಿಂತ ಕರಾಸರ ಕೈಬೆರಳುಗಳಷ್ಟೇ ಉತ್ತರಿಸುತ್ತವೆ. ಪಾಪವಿಮೋಚನೆ ದೊರೆಯುತ್ತದೆ. ಭಯಾನಕ ಚಿತ್ರವೊಂದು ಸಂಸ್ಕಾರವನ್ನು ಇಷ್ಟು ಗಂಭೀರವಾಗಿ ಕಂಡದ್ದು ವಿರಳವೇ ಸರಿ. ಭೂತೋಚ್ಚಾಟನೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕೆನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 1172ನೇ ವಿಧಿ. ಮರಣಾಪಾಯದಲ್ಲಿರುವವರಿಗೆ ಪಾಪವಿಮೋಚನೆ ನೀಡಲು 976ನೇ ವಿಧಿ ಯಾವ ಯಾಜಕನನ್ನೂ ತಡೆಯುವುದಿಲ್ಲ.