ಹೆಸರು ಬಂದ ಮೇಲಿನ ಶಿಷ್ಯತ್ವ: ಎರಡು ಆತ್ಮಕಥೆಗಳ ವಿಚಾರ

ಸಂಗೀತಗಾರರ ಜೀವನವನ್ನು ಮಕ್ಕಳಿಗೆ ಹೇಳುವಾಗ ಶಿಕ್ಷಕರಾದ ನಾವು ಒಂದೇ ಜಾಡನ್ನು ಹಿಡಿಯುತ್ತೇವೆ. ಬಾಲಕನು ಮನೆ ಬಿಟ್ಟು ಓಡುತ್ತಾನೆ, ಹಸಿವು ನೀರಡಿಕೆಗಳನ್ನು ಸಹಿಸುತ್ತಾನೆ, ಗುರು ದೊರೆಯುತ್ತಾನೆ, ಗುರುಕೃಪೆಯಿಂದ ವಿದ್ಯೆ, ವಿದ್ಯೆಯಿಂದ ಕೀರ್ತಿ. ಅಲ್ಲಿಗೆ ಕಥೆ ಮುಗಿಯುತ್ತದೆ. ಈ ಕಥೆ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ವಿದ್ಯೆ ಮೊದಲು, ಕೀರ್ತಿ ಅನಂತರ, ಕೀರ್ತಿ ಬಂದೊಡನೆ ಕಲಿಕೆ ಸಮಾಪ್ತಿ ಎಂಬ ಅದರ ಕ್ರಮವು ಸರಿಯಲ್ಲ. ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಮತ್ತು ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಎಂಬ ಎರಡು ಆತ್ಮಕಥೆಗಳನ್ನು ಜೊತೆಯಲ್ಲಿಟ್ಟು ಓದಿದವರಿಗೆ ಈ ಮಾತು ಮನವರಿಕೆಯಾಗದೆ ಇರದು.

ಮನ್ಸೂರರು ಹುಟ್ಟಿದ್ದು 1910ರಲ್ಲಿ, ಧಾರವಾಡದ ಬಳಿಯ ಮನ್ಸೂರ ಗ್ರಾಮದಲ್ಲಿ. ಬಾಲ್ಯದಲ್ಲಿಯೇ ವಾಮನರಾವ್ ಮಾಸ್ತರರ ನಾಟಕ ಮಂಡಳಿಯನ್ನು ಸೇರಿ ಹಾಡುನಟರೆನಿಸಿದರು. ಆ ಕಂಠವನ್ನು ಮೆಚ್ಚಿದ ನೀಲಕಂಠಬುವಾ ಆಲೂರಮಠರು ಅವರನ್ನು ಮಿರಜಿಗೆ ಕರೆದೊಯ್ದು ಗ್ವಾಲಿಯರ್ ಪದ್ಧತಿಯ ಶಿಕ್ಷಣವನ್ನು ಕೊಟ್ಟರು. ಮುಂದೆ ಬೈಠಕ್‌ಗಳು ನಡೆದವು, ಗ್ರಾಮೊಫೋನ್ ಮುದ್ರಿಕೆಗಳು ಬಂದವು, ಹೆಸರೂ ಹಬ್ಬಿತು. ನಮ್ಮ ಕಥೆಯ ಲೆಕ್ಕದಲ್ಲಿ ಇಲ್ಲಿಗೆ ಮಂಗಳ ಹಾಡಬೇಕು. ಆದರೆ ಮನ್ಸೂರರ ಯಾತ್ರೆ ನಿಜವಾಗಿ ತಿರುಗಿದ್ದು ಇಲ್ಲಿಂದಲೇ. 1935ರ ಸುಮಾರಿಗೆ, ಹೆಸರಾಂತ ಗಾಯಕರಾಗಿದ್ದಾಗಲೇ, ಅವರು ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರಲ್ಲಿ ಮತ್ತೆ ಶಿಷ್ಯರಾದರು. ಮಂಜೀಖಾನರು 1937ರಲ್ಲಿ ತೀರಿಕೊಂಡರು. ಅಷ್ಟಕ್ಕೆ ಸಾಕೆನ್ನದೆ ಅವರ ತಮ್ಮಂದಿರಾದ ಭುರ್ಜೀಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಇಂದು ಮನ್ಸೂರರೆಂದೊಡನೆ ನೆನಪಾಗುವ ಅಪರೂಪದ ರಾಗಗಳ ಸಂಪತ್ತು ಈ ಎರಡನೆಯ ಶಿಷ್ಯತ್ವದ ಫಲ.

ಗಂಗೂಬಾಯಿಯವರ ಜೀವನದಲ್ಲಿಯೂ ಇದೇ ಕ್ರಮ ಕಾಣುತ್ತದೆ. ಆದರೆ ಅವರ ದಾರಿ ಬೇರೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆಯನ್ನು ಹಾಡಿದ ಬಾಲಕಿಯರಲ್ಲಿ ಒಬ್ಬರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಗಾಯನದ ಮೇಲೆ ತಮ್ಮ ಪದ್ಧತಿಯ ಛಾಯೆ ಬೀಳಬಾರದೆಂದು ಆ ತಾಯಿ ತಾವೇ ಹಾಡುವುದನ್ನು ನಿಲ್ಲಿಸಿದರು. 1932ರಲ್ಲಿ ಅವರು ತೀರಿಕೊಂಡರು. ‘ಗಾಂಧಾರಿ ಹುಬಳಿ’ ಎಂಬ ಹೆಸರಿನಿಂದ ಮಗಳ ಮುದ್ರಿಕೆಗಳು ಜನಪ್ರಿಯವಾದ ಮೇಲೆಯೂ ಆಕೆಯ ಕಲಿಕೆ ಮುಗಿಯಲಿಲ್ಲ. ಸಂಸಾರದ ಭಾರವನ್ನು ಹೊತ್ತ ಗೃಹಿಣಿಯಾಗಿ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಸವಾಯಿ ಗಂಧರ್ವರಲ್ಲಿ ಕಲಿತು, ಮತ್ತೆ ರೈಲಿನಲ್ಲಿ ಮರಳುತ್ತಿದ್ದರು. ಗುರುಗಳು ಕೆಲವೇ ರಾಗಗಳನ್ನು ಹಿಡಿದು, ಒಂದೊಂದು ಪಲುಕನ್ನು ಗಂಟಲಿಗೆ ಒಗ್ಗುವವರೆಗೆ ತಿರುತಿರುಗಿ ಹೇಳಿಸುತ್ತಿದ್ದರು.

ಅದೇ ಕಾಲದಲ್ಲಿ, ಅದೇ ಗುರುವಿನ ಮನೆಯಲ್ಲಿ ಭೀಮಸೇನ ಜೋಶಿಯವರೂ ಇದ್ದರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗದಗಿನ ಮನೆ ಬಿಟ್ಟು ಗ್ವಾಲಿಯರ್, ಜಲಂಧರಗಳವರೆಗೆ ಅಲೆದ ಆ ಬಾಲಕನಿಗೆ ಕೊನೆಗೆ ಗುರು ದೊರೆತದ್ದು ತನ್ನ ಸೀಮೆಯ ಕುಂದಗೋಳದಲ್ಲಿಯೇ. ಅವರು ಗುರುಗೃಹದಲ್ಲಿಯೇ ಉಳಿದು, ನೀರು ಹೊತ್ತು, ಸೇವೆ ಮಾಡಿ ಕಲಿತರು. ಗಂಗೂಬಾಯಿಯವರಿಗೆ ಹಾಗೆ ಉಳಿಯುವುದು ಶಕ್ಯವಿರಲಿಲ್ಲ. ನಾವು ಮಕ್ಕಳಿಗೆ ಓಡಿಹೋದ ಬಾಲಕನ ಕಥೆಯನ್ನು ಹೇಳುತ್ತೇವೆ. ಮನೆಗೆಲಸವನ್ನು ಮುಗಿಸಿ ದಿನವೂ ರೈಲು ಹತ್ತಿದ ತಾಯಿಯ ಕಥೆಯನ್ನು ಹೇಳುವುದಿಲ್ಲ. ಮನೆ ಬಿಡಲಾರದ ಹೆಣ್ಣುಮಕ್ಕಳು ನಮ್ಮ ವರ್ಗಗಳಲ್ಲಿ ಅರ್ಧದಷ್ಟು ಇರುವಾಗ ಈ ಲೋಪವು ಸಣ್ಣದಲ್ಲ.

ಆತ್ಮಕಥೆಗಳಾಗಿ ಈ ಎರಡು ಕೃತಿಗಳು ಒಂದನ್ನೊಂದು ತುಂಬಿಕೊಡುತ್ತವೆ. ಮನ್ಸೂರರನ್ನು ಓದುವಾಗ ನಮ್ಮ ದೃಷ್ಟಿ ಗುರುವಿನ ಕಡೆಗೆ ಹರಿಯುತ್ತದೆ. ಗಂಗೂಬಾಯಿಯವರನ್ನು ಓದುವಾಗ ಮನೆಯ ಕಡೆಗೆ, ತಾಯಿಯ ಕಡೆಗೆ. ತನ್ನನ್ನು ಹಿಂದಿಟ್ಟು ಗುರುವನ್ನು ಮುಂದಿಡುವ ವಿನಯವೇ ಮೊದಲನೆಯದರ ಸೊಗಸು. ಆದರೆ ಭಕ್ತಿಯ ಭಾಷೆಗೆ ಒಂದು ಮಿತಿಯುಂಟು. ಗುರು ಒಂದು ರಾಗವನ್ನು ಹೇಗೆ ಆರಂಭಿಸಿದರು, ಶಿಷ್ಯನು ಎಲ್ಲಿ ತೊಡಕಿದನು, ಗುರುಗಳು ಹೇಗೆ ತಿದ್ದಿದರು ಎಂಬ ವಿವರಗಳು ಇನ್ನೂ ಹೆಚ್ಚಾಗಿ ಬೇಕಿತ್ತೆಂದು ಕಲಿಸುವ ಕಸುಬಿನವರಾದ ನಮಗೆ ಅನಿಸುತ್ತದೆ. ‘ಗುರುಕೃಪೆ’ ಎಂಬ ಒಂದೇ ಪದದಲ್ಲಿ ಗುರುವಿನ ಎಷ್ಟೋ ದಿನಗಳ ದುಡಿಮೆ ಅಡಗಿಹೋಗುತ್ತದೆ.

ಆ ದುಡಿಮೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಒಳ್ಳೆಯ ನಿದರ್ಶನವಿದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಅನಾಥರಿಗೂ ಅನ್ನವನ್ನಿತ್ತು ವಿದ್ಯೆ ಕಲಿಸಿದರು. ಅವರ ಶಿಷ್ಯ ಬಸವರಾಜ ರಾಜಗುರುಗಳು 1936ರಲ್ಲಿ ಹಂಪಿಯ ವಿಜಯನಗರ ಸ್ಮರಣೋತ್ಸವದಲ್ಲಿ ಮೊದಲ ಕಛೇರಿ ಮಾಡಿದಾಗ ತಬಲಾ ನುಡಿಸಲು ಕುಳಿತವರು ಆ ಗುರುಗಳೇ. ಶಿಷ್ಯನನ್ನು ಮುಂದೆ ಕೂರಿಸಿ ತಾನು ಪಕ್ಕವಾದ್ಯಕ್ಕೆ ಕುಳಿತ ಗುರುವಿನ ಚಿತ್ರವು ನಮ್ಮ ಪಾಠಗಳಲ್ಲಿ ಇರಬೇಕು. ಆ ಬಳಿಕ ರಾಜಗುರುಗಳೂ ಬೇರೆ ಬೇರೆ ಗುರುಗಳನ್ನು ಅರಸಿ ಹೋಗಿ ಕಲಿತವರೇ.

ಸೊಲ್ಲಾಪುರ, ಅಕ್ಕಲಕೋಟೆಗಳ ನಮಗೆ ಈ ಚರಿತ್ರೆ ದೂರದ್ದಲ್ಲ. ಗದಗಿನಿಂದ ವಿಜಾಪುರದ ಮೇಲೆ ಬರುವ ರೈಲುದಾರಿ ನಮ್ಮ ಹೊಟಗಿಯಲ್ಲಿಯೇ ಪುಣೆ-ಮುಂಬಯಿಗಳ ದಾರಿಯನ್ನು ಕೂಡುತ್ತದೆ. ಕನ್ನಡಿಗರಾದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಮೆರೆದರು. ಮನ್ಸೂರರು ಮಿರಜಿನಲ್ಲಿ ಕಲಿತು, ಉಸ್ತಾದರ ವಿದ್ಯೆಯನ್ನು ಪಡೆದು, ಅದೇ ರಾಗಗಳಲ್ಲಿ ಕನ್ನಡ ವಚನಗಳನ್ನು ಹಾಡಿದರು. ಸಿದ್ಧರಾಮನ ಸೊನ್ನಲಿಗೆಯಲ್ಲಿ ವಾಸಿಸುವ ನಾವು ಆ ವಚನಗಾಯನವನ್ನು ನಮ್ಮದೆಂದು ಕೇಳಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆಯುವುದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ. ಈ ಗಾಯಕರಿಗೆ ಅದೇ ಬಂಡವಾಳವಾಗಿತ್ತು.

ಪ್ರತಿ ವರ್ಷ ಶಾಲೆಯ ಸ್ನೇಹಸಮ್ಮೇಳನದಲ್ಲಿ ಒಂದಿಲ್ಲೊಂದು ಮಗು ಚೆನ್ನಾಗಿ ಹಾಡುತ್ತದೆ. ಬಹುಮಾನವನ್ನು ಕೊಡುತ್ತೇವೆ, ಪಾಲಕರು ಹಿಗ್ಗುತ್ತಾರೆ, ಮರುದಿನದಿಂದ ಆ ಕಂಠವನ್ನು ಯಾರೂ ವಿಚಾರಿಸುವುದಿಲ್ಲ. ಹೆಸರು ಬಂದ ಮೇಲೆಯೂ ಮನ್ಸೂರರು ಮಂಜೀಖಾನರ ಮುಂದೆ ಕುಳಿತರೆಂಬುದನ್ನು, ಗಂಗೂಬಾಯಿಯವರು ಕುಂದಗೋಳದ ರೈಲು ಹತ್ತಿದರೆಂಬುದನ್ನು ಆ ಮಗುವಿಗೂ ಅದರ ಪಾಲಕರಿಗೂ ಬಹುಮಾನದ ದಿನವೇ ಹೇಳಬೇಕು; ಮರುದಿನ ಹತ್ತಿರದಲ್ಲಿ ಕಲಿಸುವವರು ಯಾರಿದ್ದಾರೆಂದು ವಿಚಾರಿಸಿ ಅವರ ಬಳಿಗೆ ಕಳಿಸಬೇಕು. ಈ ಎರಡು ಪುಸ್ತಕಗಳು ನಮ್ಮ ಪ್ರತಿಯೊಂದು ಕನ್ನಡ ಶಾಲೆಯ ಕಪಾಟಿನಲ್ಲಿ ಇರಲಿ; ಮೊದಲು ಶಿಕ್ಷಕರು ಓದಲಿ, ಆಮೇಲೆ ಮೇಲ್ತರಗತಿಯ ಮಕ್ಕಳ ಕೈಗೆ ಕೊಡಲಿ.