ಕೆರೆ-ದಡದಿಂದ ಕಲಿಕೆಯ ತಟ್ಟೆಗೆ

ಹಾಜರಿ ಪುಸ್ತಕದಲ್ಲಿ ತರಗತಿ ಮೊದಲ ದಿನವೇ ಸಿದ್ಧವಾಗುತ್ತದೆ. ಮಕ್ಕಳು ಒಬ್ಬರಿಗೊಬ್ಬರು ಆಗಿಬರುವ ತರಗತಿ ಕಟ್ಟಿಕೊಳ್ಳಲು ಕೆಲವು ವಾರಗಳೇ ಬೇಕು. ಉದಾಹರಣೆಗೆ, ಮದ್ದೂರು ತಾಲ್ಲೂಕಿನ ಭಾರತೀನಗರ, ಜನರ ಬಾಯಲ್ಲಿ ಕೆ.ಎಂ.ದೊಡ್ಡಿ, ಕಬ್ಬಿನ ಸೀಮೆ. ಇಂಥ ಊರಿನ ಒಂದೇ ಕೋಣೆಯಲ್ಲಿ ಬೇಸಾಯಗಾರರ ಮಕ್ಕಳು, ಸಕ್ಕರೆ ಕಾರ್ಖಾನೆ ನೌಕರರ ಮಕ್ಕಳು, ಕಬ್ಬು ಕಡಿಯಲು ಪರ ಊರಿನಿಂದ ಬಂದವರ ಮಕ್ಕಳು ಒಟ್ಟಿಗೆ ಕೂರಬೇಕಾಗುತ್ತದೆ.

ಸರ್ಕಾರಿ ಶಾಲೆಗಳಲ್ಲಿ ವರ್ಷ ತೆರೆಯುವುದು ಪ್ರಾರಂಭೋತ್ಸವದಿಂದ: ಬಾಗಿಲಿಗೆ ಮಾವಿನ ತೋರಣ, ಬಿಸಿಯೂಟಕ್ಕೆ ಸಿಹಿ. ಆದರೆ ಹೊಸ ಮಗುವಿನ ಹೆದರಿಕೆ ಕರಗುವುದು ಆಟದಲ್ಲಿ. ‘ಕೆರೆ-ದಡ’ಕ್ಕೆ ನೆಲದ ಮೇಲೊಂದು ಗೆರೆ ಸಾಕು. ‘ಕೆರೆ’ ಎಂದಾಗ ಒಳಕ್ಕೆ, ‘ದಡ’ ಎಂದಾಗ ಹೊರಕ್ಕೆ ನೆಗೆಯಬೇಕು. ಹೆಸರು ಹೇಳಲು ನಾಚುವ ಮಗುವೂ ತಪ್ಪು ನೆಗೆದು ನಗುತ್ತದೆ. ತಪ್ಪಿದವರು ಹಲವರಾದ್ದರಿಂದ ಅವಮಾನ ಯಾರದೂ ಅಲ್ಲ.

ಮುಂದಿನ ಹಂತ ಸೇತುಬಂಧ, ಹಳೆಯ ಕಲಿಕೆಯನ್ನು ಹೊಸ ತರಗತಿಗೆ ಬೆಸೆಯುವ ಕಾರ್ಯಕ್ರಮ. ನೈದಾನಿಕ ಪರೀಕ್ಷೆಯಿಂದ ಹಿಂದಿನ ತರಗತಿಯ ಕಲಿಕೆಯಲ್ಲಿ ಉಳಿದ ಕೊರತೆ ತಿಳಿಯುತ್ತದೆ, ಕೊನೆಯಲ್ಲಿ ಸಾಫಲ್ಯ ಪರೀಕ್ಷೆ ನಡೆಯುತ್ತದೆ. ಅಂಕಗಳನ್ನು ಗಟ್ಟಿಯಾಗಿ ಓದಿದರೆ ಜಾಣರು, ದಡ್ಡರು ಎಂಬ ಎರಡು ಪಂಗಡ ಜೂನ್‌ನಲ್ಲೇ ಹುಟ್ಟಿಬಿಡುತ್ತವೆ. ಅದೇ ಫಲಿತಾಂಶ ನೋಡಿ ಓದು ಬಲ್ಲವನ ಪಕ್ಕ ಲೆಕ್ಕ ಬಲ್ಲವಳನ್ನು ಕೂರಿಸಿದರೆ, ಇಬ್ಬರಿಗೂ ಕೊಡುವುದಿರುತ್ತದೆ, ಪಡೆಯುವುದೂ ಇರುತ್ತದೆ.

ಈ ಕೊಡುಕೊಳ್ಳುವಿಕೆಯನ್ನೇ ವಿಧಾನವಾಗಿಸಿದ್ದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಇದಕ್ಕೆ ಆಂಧ್ರದ ರಿಷಿವ್ಯಾಲಿಯ ಪ್ರಯೋಗ ಪ್ರೇರಣೆ. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ವ್ಯಾಪಿಸಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಎನ್ನುವ ಗುಂಪುಗಳಾಗಿ ನೆಲದ ಮೇಲೆ ದುಂಡಗೆ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ, ಮತ್ತೊಂದಕ್ಕೆ ಸಹಪಾಠಿಗಳ ನೆರವು, ಸ್ವಕಲಿಕೆಗೂ ಒಂದು ತಟ್ಟೆ. ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನ ಚಿತ್ರಗುರುತು ನೋಡಿ ಮಗು ತಾನೇ ಆ ಗುರುತಿನ ಕಲಿಕಾ ಕಾರ್ಡು ಹುಡುಕಬೇಕು. ಸಿಗದೆ ನಿಂತ ಒಂದನೇ ತರಗತಿಯ ಮಗುವಿಗೆ ಎರಡನೇ ತರಗತಿಯವಳು ಬೆರಳು ತೋರಿಸಿದಾಗ ಅಕ್ಕ-ತಂಗಿ ನಂಟು ತಾನಾಗಿ ಬೆಳೆಯುತ್ತದೆ.

ನಂಟು ಉಳಿಯುವುದು ಹಂಚಿಕೊಂಡ ಕೆಲಸದಿಂದ. ಹವಾಮಾನ ನಕ್ಷೆಯಲ್ಲಿ ಮೋಡ ಗುರುತಿಸುವುದು, ಕಾರ್ಡುಗಳನ್ನು ಮರಳಿ ಜೋಡಿಸುವುದು, ಊಟಕ್ಕೆ ಮುನ್ನ ಕೈತೊಳೆಯುವ ಸಾಲು ನೋಡಿಕೊಳ್ಳುವುದು: ಇವೆಲ್ಲ ವಾರಕ್ಕೊಮ್ಮೆ ಕೈ ಬದಲಾಗಬೇಕು. ಜಾಣರಿಗೇ ಮೀಸಲಾದರೆ ಕೆಲಸ ಅಧಿಕಾರವಾಗುತ್ತದೆ.

ತರಗತಿ ಕೂಡಿತೇ ಎಂದು ತಿಳಿಯಲು ಪರೀಕ್ಷೆ ಬೇಕಿಲ್ಲ. ಶಿಕ್ಷಕರು ಒಂದು ತಟ್ಟೆಯ ಬಳಿ ಕುಳಿತಿರುವಾಗ ಉಳಿದ ತಟ್ಟೆಗಳ ಕೆಲಸ ನಿಲ್ಲದಿದ್ದರೆ ಕೂಡಿದೆ ಎಂದೇ ಅರ್ಥ.