‘ಸಹಜವರ್ಣ’ವೆಂಬ ಹೇತುವಿನ ವಿಮರ್ಶೆ

ಆಹಾರಕ್ಕೆ ಬಣ್ಣ ಕೊಡುವ ಸೂಕ್ಷ್ಮಶೈವಲಗಳನ್ನು ಕುರಿತು ಬರೆಯುವವರು ‘ಇವು ಸಹಜವರ್ಣಗಳು, ಆದುದರಿಂದ ಹಲಾಲ್’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದುಂಟು. ಈ ‘ಆದುದರಿಂದ’ವು ಸಾಧುವಲ್ಲ. ಇಂಥದನ್ನು ತಾರ್ಕಿಕರು ಸವ್ಯಭಿಚಾರಹೇತುವೆನ್ನುವರು. ಕಾರ್ಮೈನ್ ಎಂಬ ಕೆಂಪೂ ಸಹಜವೇ. ಆದರೆ ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟದಿಂದ ಬಂದುದು, ಹನಫೀ ಸಂಪ್ರದಾಯದ ಬಹುಮಂದಿ ವಿದ್ವಾಂಸರಿಗೆ ಅಗ್ರಾಹ್ಯವಾದುದು.

ಹಲಾಲನ್ನು ‘ಪವಿತ್ರ’ವೆಂದು ಕನ್ನಡಿಸುವುದೂ ಯುಕ್ತವಲ್ಲ. ಆ ಅರಬ್ಬೀ ಧಾತುವಿಗೆ ಗಂಟು ಬಿಚ್ಚುವುದೆಂದರ್ಥವುಂಟು. ಮೀಮಾಂಸಕರ ಮಾತಿನಲ್ಲಿ ‘ವಿಹಿತ’ಕ್ಕಿಂತ ‘ಅನಿಷಿದ್ಧ’ವೇ ಅದಕ್ಕೆ ಸಮೀಪ.

ಶ್ರೀಭಾಷ್ಯದಲ್ಲಿ ಅನ್ನಕ್ಕೆ ಜಾತಿ, ಆಶ್ರಯ, ನಿಮಿತ್ತಗಳೆಂಬ ಮೂರು ಬಗೆಯ ದೋಷಗಳನ್ನು ಹೇಳಿದೆಯಷ್ಟೆ. ಮತ ಬೇರೆಯಾದರೂ ಆ ವಿಭಾಗವು ಇಲ್ಲಿ ಉಪಯುಕ್ತವಾಗಿದೆ. ಸ್ಪಿರುಲಿನಾದ ನೀಲಿಗಾಗಲಿ ಉಪ್ಪುನೀರಿನ ಡುನಾಲಿಯೆಲ್ಲಾದ ಕಿತ್ತಳೆಗಾಗಲಿ ಜಾತಿದೋಷವಿಲ್ಲ. (ಸ್ಪಿರುಲಿನಾ ನಿಜವಾಗಿ ಶೈವಲವೇ ಅಲ್ಲ, ನೀಲಹರಿತ ಬ್ಯಾಕ್ಟೀರಿಯವೆಂಬುದನ್ನು ಹೇಳುವವರು ವಿರಳ.) ಆದರೆ ಡುನಾಲಿಯೆಲ್ಲಾದ ಕೆರೋಟೀನು ನೀರಿನಲ್ಲಿ ಕರಗದು, ಪಾನಕದಲ್ಲಿ ಬೆರೆಯುವ ಪುಡಿಯಾಗಲೆಂದು ಅದನ್ನು ಕೆಲವೆಡೆ ಜೆಲಟಿನ್ನಿನಲ್ಲಿ ಹುದುಗಿಸುವರು. ಆ ಜೆಲಟಿನ್ನು ಹಂದಿಯದೋ ವಿಧಿಪೂರ್ವಕವಾಗಿ ಕೊಯ್ಯದ ದನದ್ದೋ ಆದರೆ ನಿಮಿತ್ತದೋಷವು ಬಂದೊದಗಿತು. ಲಿಂಗಸುಗೂರಿನ ಸಸ್ಯಾಹಾರಿಯಾದ ಲಿಂಗವಂತನಿಗಂತೂ ಯಾವ ಜೆಲಟಿನ್ನೂ ವರ್ಜ್ಯವೇ. ವರ್ಣವನ್ನು ಬೇರ್ಪಡಿಸಲು ಬಳಸಿದ ಮದ್ಯಸಾರದ ಶೇಷದಲ್ಲಿಯೋ, ಇಸ್ಲಾಮೀ ವಿದ್ವಾಂಸರಲ್ಲಿಯೇ ಮತಭೇದವುಂಟು.

ಇದು ಬರಿಯ ಶಬ್ದವಿವಾದವಲ್ಲ. ಕರ್ನಾಟಕ ಸರಕಾರವು 2024ರ ಮಾರ್ಚ್ ತಿಂಗಳಲ್ಲಿ ಗೋಬಿ ಮಂಚೂರಿಗೂ ಜೂನ್ ತಿಂಗಳಲ್ಲಿ ಕಬಾಬಿಗೂ ಕೃತಕವರ್ಣ ಬೆರಸುವುದನ್ನು ನಿಷೇಧಿಸಿದ ಮೇಲೆ, ಸಿಂಧನೂರಿನ ಅಂಗಡಿಕಾರನಿಗೆ ಯಾರಾದರೂ ‘ಸಹಜವರ್ಣ’ದ ಡಬ್ಬಿಯನ್ನು ತಂದು ಮಾರಬಹುದು; ಅವನು ಅದರ ಮೇಲಿನ ಮಾತನ್ನು ನಂಬಿ ಗಿರಾಕಿಗಳಿಗೆ ಬಡಿಸಬೇಕು. ಸ್ಪಿರುಲಿನಾದ ನೀಲಿಯು ಬೇಯಿಸಿದರೆ ಕೆಡುವುದು, ಹುಳಿಯಲ್ಲಿಯೂ ನಿಲ್ಲದು. ಕಾದ ಎಣ್ಣೆಯ ಮಾತು ಹಾಗಿರಲಿ. ಕಬಾಬಿಗೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಏಕೆ ಸಾಲದೋ ನಾನರಿಯೆ.

ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದಲೇ ಆ ಬಿರುದು ಯಾರದೆಂಬ ಸಂಶಯ ತೀರಿತು. ‘ಸಹಜವರ್ಣ’ವೂ ಒಂದು ಬಿರುದು ಮಾತ್ರ. ಕಾರ್ಮೈನಿಗೆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ 120 ಎಂಬ ಸಂಖ್ಯೆಯಿದೆ. ಆ ಅಂಕಿಯನ್ನು ಅಚ್ಚುಮಾಡಿದ ಮಾತ್ರಕ್ಕೆ ಕೀಟವೆಂದು ಯಾರಿಗೆ ತಿಳಿದೀತು? ವರ್ಣವು ಯಾವ ಜೀವಿಯದು, ಯಾವುದರಲ್ಲಿ ಹುದುಗಿಸಿದ್ದು, ಯಾವ ದ್ರಾವಕದಿಂದ ತೆಗೆದದ್ದು ಎಂಬ ಮೂರನ್ನೂ ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯತಕ್ಕದ್ದು. ಹಲಾಲೋ ಅಲ್ಲವೋ ಎಂಬುದನ್ನು ಆಮೇಲೆ ತಿನ್ನುವವನೂ ಅವನ ಮೌಲವಿಯೂ ನಿರ್ಣಯಿಸಿಕೊಳ್ಳುವರು.